ದೊಡ್ಡರೋಗದ ಚಳಿಗಾಲ

ಹೋದ ವರ್ಷ ಒಂದು ಮದುವೆಗೆಂದು ಕೃಷ್ಣಗಿರಿಗೆ ಹೊರಟಿದ್ದೆ. ಹೊಸೂರು ದಾಟುವಾಗ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತು. ಸೈಕಲ್ಲು, ಸ್ಕೂಟರುಗಳ ನಡುವೆ ನಮ್ಮ ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ಪಕ್ಕದಲ್ಲಿ ಮೇವು ತುಂಬಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಹಸಿ ಜೋಳದ ಕಡ್ಡಿಯನ್ನು ಗುಂಡಿಯಲ್ಲಿ ತುಳಿದು, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಹುದುಗಿಸಿ ತೆಗೆದ ಮೇವು ಅದು. ಹುಳಿ ಬಂದ ಹಿಟ್ಟು, ಹಳೆಯ ಬೆಲ್ಲ, ಒದ್ದೆ ಗೋಣಿ ಎಲ್ಲ ಒಟ್ಟಿಗೆ ಸೇರಿದಂಥ ವಾಸನೆ. ಸುತ್ತಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಕಿಟಕಿಯಿಂದ ತಲೆ ಆಚೆ ಹಾಕಿದೆ.

“ವಾಂತಿ ಬರ್ತಿದೆಯಾ ಮಾವ?” ಎಂದು ಸೊಸೆ ಗಾಬರಿಯಾದಳು.

ಇಲ್ಲ ಎಂದೆ. ಇಪ್ಪತ್ತೊಂದನೆಯ ವಯಸ್ಸಿನ ಒಂದು ಇಡೀ ವರ್ಷವನ್ನು ನಾನು ಆ ವಾಸನೆಯಲ್ಲಿ ಕಳೆದಿದ್ದೆ ಎಂದು ಹೇಳುವುದಕ್ಕೆ ಆ ಬಸ್ಸು ತಕ್ಕ ಜಾಗವಾಗಿರಲಿಲ್ಲ.

ನಾನು ಮೈಸೂರು ಸೀಮೆಯವನು, ಗುಬ್ಬಿ ಕಡೆಯ ಹಳ್ಳಿಯವನು. ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ನಲವತ್ತೆರಡರ ಚಳವಳಿ ಬಂತು. ಎರಡು ದಿನ ಮೆರವಣಿಗೆಯಲ್ಲಿ ಕೂಗಿದೆ, ಮೂರನೆಯ ದಿನ ಲಾಠಿ ಕಂಡು ಓಡಿದೆ. ಓಡಿದ್ದರಿಂದ ಜೈಲಿಗೆ ಹೋಗಲಿಲ್ಲ, ಕೂಗಿದ್ದರಿಂದ ಕಾಲೇಜಿನವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಊರಿಗೆ ಬಂದು ಎರಡು ವರ್ಷ ಜಗಲಿಯಿಂದ ಕೆರೆಗೆ, ಕೆರೆಯಿಂದ ಜಗಲಿಗೆ ತಿರುಗಿದೆ. ಅಪ್ಪ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವರು ದೊಡ್ಡಪ್ಪ. ನನ್ನ ತಿರುಗಾಟ ನೋಡಲಾರದೆ ಅವರು ಯಾರಿಗೋ ಕಾಗದ ಬರೆದು, ಹೊಸೂರಿನಿಂದ ಎರಡು ಮೈಲಿ ದೂರದಲ್ಲಿ ಜಮೀನ್ದಾರರೊಬ್ಬರ ದತ್ತಿಯಿಂದ ನಡೆಯುತ್ತಿದ್ದ ಪಶುಪಾಲನೆಯ ಶಾಲೆಯಲ್ಲಿ ನನಗೊಂದು ಜಾಗ ಕೊಡಿಸಿದರು. ಆ ಶಾಲೆ ಈಗಿಲ್ಲ. ಒಂದು ವರ್ಷದ ಓದು. ಮುಗಿಸಿದರೆ ದನದ ಆಸ್ಪತ್ರೆಯಲ್ಲಿ ಕೆಲಸ.

ಅಮ್ಮನಿಗೆ ಅದು ಪರದೇಶ. ಅತ್ತಿಬೆಲೆ ದಾಟಿದರೆ ಮಹಾರಾಜರ ರಾಜ್ಯ ಮುಗಿದು ಬ್ರಿಟಿಷರ ಸೀಮೆ. ಯುದ್ಧಕಾಲವಾದ್ದರಿಂದ ಗಡಿಯಲ್ಲಿ ಧಾನ್ಯ ದಾಟಿಸುವಂತಿರಲಿಲ್ಲ. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸನ್ನು ಅಲ್ಲಿ ನಿಲ್ಲಿಸಿ, ನನ್ನ ಟ್ರಂಕು ತೆರೆಸಿ, ಅಮ್ಮ ಕೊಟ್ಟಿದ್ದ ರಾಗಿ ಹಿಟ್ಟಿನ ಗಂಟನ್ನು ಪೊಲೀಸಿನವನು ಎತ್ತಿಟ್ಟುಕೊಂಡ. ಹುರಿಹಿಟ್ಟಿನ ಡಬ್ಬಿಯನ್ನು ಮಾತ್ರ ಮೂಸಿ ನೋಡಿ ವಾಪಸು ಕೊಟ್ಟ. ಎರಡು ಹೆಜ್ಜೆ ಆಚೆಗೂ ಜನ ಕನ್ನಡವನ್ನೇ ಆಡುತ್ತಿದ್ದರು, ಹೊಲದಲ್ಲಿ ಅದೇ ರಾಗಿ ನಿಂತಿತ್ತು. ಆದರೂ ನನಗೆ ಯಾವುದೋ ಬಾಗಿಲು ಹಿಂದೆ ಮುಚ್ಚಿಕೊಂಡ ಹಾಗಾಯಿತು.

ಶಾಲೆಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಬೈಗುಳ ತಮಿಳಿನಲ್ಲಿ. ಬೆಳಗಿನ ಜಾವ ಎದ್ದು ಹಾಲು ಕರೆಯಬೇಕು. ಆ ಹಾಲು ಬೆಂಗಳೂರಿನ ದಂಡಿನವರಿಗೆ ಹೋಗುತ್ತಿತ್ತು. ಜೊತೆಯಲ್ಲಿ ಕೂಗಿದವರು ಜೈಲಿನಲ್ಲಿದ್ದರು, ಕೂಗದೆ ಉಳಿದವರು ಬಿ.ಎ. ಮಾಡುತ್ತಿದ್ದರು, ನಾನು ಬಿಳಿಯರ ಸಿಪಾಯಿಗಳ ಚಹಾಕ್ಕೆ ಹಾಲು ಕರೆಯುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಂಜೆಯಾದರೆ ಫಾರಂ ಬೇಲಿಯ ಸುತ್ತ ನಡೆಯುತ್ತಿದ್ದೆ. ಪ್ರತಿ ಶನಿವಾರ ಟ್ರಂಕು ಕಟ್ಟುತ್ತಿದ್ದೆ, ಸೋಮವಾರ ಬಿಚ್ಚುತ್ತಿದ್ದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದರೆ ನಿಜವಾಗಿ ಹೋಗಿಬಿಡುತ್ತಿದ್ದೆನೋ ಏನೋ.

ಹಾಗಾಗದಂತೆ ತಡೆದವರು ಇಬ್ಬರು.

ಒಬ್ಬ ತಿಲ್ಲೈನಾಥನ್. ಸಿಲೋನಿನ ಯಾಳ್ಪಾಣ, ಎಂದರೆ ಜಾಫ್ನಾದವನು, ನಿಜವಾಗಿಯೂ ಸಮುದ್ರ ದಾಟಿ ಬಂದಿದ್ದ. ಅವನ ತಂದೆಗೆ ಊರಿನಲ್ಲಿ ಹಾಲಿನ ವ್ಯಾಪಾರ ಶುರುಮಾಡುವ ಆಸೆ. ಸೇಲಂನ ನೆಂಟರ ಮೂಲಕ ಮಗನನ್ನು ಇಲ್ಲಿಗೆ ಕಳಿಸಿದ್ದರು. ಕಡ್ಡಿಯಂಥ ಮೈ, ದೊಡ್ಡ ಕನ್ನಡಕ, ದನ ಕಂಡರೆ ಹೆದರಿಕೆ. ಅವನ ತಮಿಳು ಇಲ್ಲಿನ ತಮಿಳರಿಗೇ ಅರ್ಥವಾಗುತ್ತಿರಲಿಲ್ಲ. ಹೌದು ಎನ್ನುವುದಕ್ಕೆ ‘ಓಂ’ ಎನ್ನುತ್ತಿದ್ದ. ಮೊದಲ ವಾರ ನಾನು ಇವನು ಬಹಳ ದೈವಭಕ್ತ ಎಂದುಕೊಂಡಿದ್ದೆ. ಜೇಬಿನಲ್ಲಿ ಯಾವಾಗಲೂ ಒಂದು ಮೌತ್ ಆರ್ಗನ್ ಇರುತ್ತಿತ್ತು.

ಇನ್ನೊಬ್ಬ ಮುನಿವೆಂಕಟ, ಕೆಲಮಂಗಲದವನು. ಊರಾಚೆಯ ಹಟ್ಟಿಯವನು, ಮನೆತನದ ಕಸುಬು ಚರ್ಮದ ಕೆಲಸ. ಆ ಹಟ್ಟಿಯಿಂದ ಹೈಸ್ಕೂಲು ಮುಗಿಸಿದವನು ಇವನೊಬ್ಬನೇ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ದನದ ಮೈ ಮೇಲೆ ಕೈಯಿಟ್ಟರೆ ಸಾಕು, ಅದಕ್ಕೆ ಏನಾಗಿದೆ ಎಂದು ಹೇಳುತ್ತಿದ್ದ. ಹಾಲು ಕರೆಯುವಾಗ ಹಾಡುತ್ತಿದ್ದ, ಅವನ ತಾಯಿ ಕಟ್ಟಿದ ಹಾಡು.

“ಸುರಿಯೇ ಗೌರಿ ಸುರಿಯೇ, ಕಂದನ ಪಾಲು ಬುಟ್ಟು ಸುರಿಯೇ…”

ಒಂದು ಬೆಳಗ್ಗೆ, ಒದೆಯುವ ಹಸುವೊಂದರ ಮುಂದೆ ತಿಲ್ಲೈನಾಥನ್ ನಡುಗುತ್ತ ಕೂತಿದ್ದ. ಮುನಿವೆಂಕಟ ಆಚೆ ಕೊಟ್ಟಿಗೆಯಿಂದಲೇ ಹಾಡು ಎತ್ತಿದ. ತಿಲ್ಲೈ ಚೊಂಬು ಕೆಳಗಿಟ್ಟು, ಮೌತ್ ಆರ್ಗನ್ ತೆಗೆದು, ಆ ರಾಗವನ್ನು ಹುಡುಕತೊಡಗಿದ. ಎರಡು ಸಲ ತಪ್ಪಿ ಮೂರನೆಯ ಸಲ ಸಿಕ್ಕಿತು. ನನಗೆ ಸಂಗೀತ ಬಾರದು. ಸುಮ್ಮನಿರಲಾಗದೆ ಖಾಲಿ ಹಾಲಿನ ಕ್ಯಾನಿನ ಮೇಲೆ ಬೆರಳಲ್ಲಿ ತಾಳ ಹಾಕಿದೆ. ಹಸು ಒದೆಯಲಿಲ್ಲ, ಕೆಚ್ಚಲಿಗೆ ಹಾಲಿಳಿಸಿತು.

“ನೋಡ್ಲಾ, ಸಿಲೋನ್ ಪಾಟು ಕೇಳಿ ಸೊರಬುಟ್ಟಳು!” ಎಂದು ಮುನಿವೆಂಕಟ ಕೂಗಿದ.

ಅವತ್ತಿನಿಂದ ನಾವು ಮೂವರು. ಭಾನುವಾರ ಮಧ್ಯಾಹ್ನ ಹುಳಿ ಮೇವಿನ ಗುಂಡಿಗಳ ಹಿಂದೆ, ಯಾರೂ ಬರದ ಜಾಗದಲ್ಲಿ ಕೂರುತ್ತಿದ್ದೆವು. ತಿಲ್ಲೈನ ಮನೆಯಿಂದ ತಾಳೆಬೆಲ್ಲ ಓಲೆಬುಟ್ಟಿಯಲ್ಲಿ ಬರುತ್ತಿತ್ತು. ಜೊತೆಗಿನ ಕಾಗದದಲ್ಲಿ ಯುದ್ಧದ ಅಧಿಕಾರಿಗಳು ಅಲ್ಲಲ್ಲಿ ಕತ್ತರಿ ಆಡಿಸಿ ತೂತು ಮಾಡಿರುತ್ತಿದ್ದರು. ಅಮ್ಮನ ಹುರಿಹಿಟ್ಟಿಗೆ ಆ ಬೆಲ್ಲ ಕೆರೆದು ಕಲೆಸುತ್ತಿದ್ದೆವು. ಮುನಿವೆಂಕಟ ಮನೆಯಿಂದ ಹುರಿದ ಅವರೆಕಾಳು ತರುತ್ತಿದ್ದ. ಇದ್ದುದನ್ನು ಮೂರು ಪಾಲು ಮಾಡಿ ತಿಂದು, ಹಾಡಿ, ಬಾರಿಸಿ, ಸಂಜೆಯ ಕೆಲಸಕ್ಕೆ ಏಳುತ್ತಿದ್ದೆವು. ಆ ಎರಡು ಮೂರು ತಾಸು ನನ್ನ ಕಾಲುಗಳು ಬೇಲಿಯ ಕಡೆ ಎಳೆಯುತ್ತಿರಲಿಲ್ಲ.

ಆದರೆ ಒಂದು ಮಾತು ಮುಚ್ಚಿಡಬಾರದು. ಹುರಿದದ್ದು, ಒಣಗಿದ್ದು, ಬೆಲ್ಲ, ಹಣ್ಣು ಇಷ್ಟೇ ನಾನು ಮುನಿವೆಂಕಟನ ಕೈಯಿಂದ ತಿನ್ನುತ್ತಿದ್ದುದು. ಒಮ್ಮೆ ಅವನು ಮನೆಯಿಂದ ಮುದ್ದೆ, ಸೊಪ್ಪಿನ ಸಾರು ತಂದ. ಹೊಟ್ಟೆ ಸರಿಯಿಲ್ಲ ಎಂದೆ. ತಿಲ್ಲೈ ತಿಂದ. ಮುನಿವೆಂಕಟ ನನ್ನ ಪಾಲಿನ ಮುದ್ದೆಯನ್ನು ಮತ್ತೆ ಕಟ್ಟಿಟ್ಟ. ನಮ್ಮ ಮನೆಯಲ್ಲಿ ಎಲ್ಲರೂ ಸಮ ಎಂಬ ಮಾತುಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ್ದರು. ಆ ಪಾಠ ಅಡುಗೆಮನೆಯ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಶಾಲೆಯ ಊಟದ ಮನೆಯಲ್ಲೂ ಹಾಗೇ. ಒಳಗೆ ಎರಡು ಪಂಕ್ತಿ, ಒಂದೊಂದು ಜಾತಿಗೆ ಒಂದೊಂದು. ಮುನಿವೆಂಕಟ ತನ್ನ ತಟ್ಟೆ ತಾನೇ ತಂದುಕೊಂಡು ಹಿಂದಿನ ಪಡಸಾಲೆಯಲ್ಲಿ ಒಬ್ಬನೇ ಕೂರುತ್ತಿದ್ದ. ನಿಮ್ಮೂರಲ್ಲಿ ಹೇಗೆ ಎಂದು ತಿಲ್ಲೈನನ್ನು ಕೇಳಿದ್ದೆ. “ಇದಕ್ಕಿಂತ ಕಷ್ಟ. ಅವನಂಥೋರು ನಮ್ಮ ಬಾವಿ ಹತ್ರಾನೂ ಬರೋಹಾಗಿಲ್ಲ. ಸಮುದ್ರ ದಾಟಿದ ಮೇಲೇನೇ ನನಗೆ ಕಂಡಿದ್ದು,” ಎಂದು ಇಂಗ್ಲಿಷಿನಲ್ಲಿ ಹೇಳಿದ್ದ.

ಸಂಕ್ರಾಂತಿ ಕಳೆದ ವಾರ ಮೇಲಿನ ಸೀಮೆಯ ತಳಿ ಎಂಬ ಊರಿನ ಕಡೆಯಿಂದ ಸುದ್ದಿ ಬಂತು. ದನಗಳಿಗೆ ದೊಡ್ಡರೋಗ. ಕಣ್ಣು ಮೂಗು ಸುರಿದು, ಬಾಯಿ ಹುಣ್ಣಾಗಿ, ಭೇದಿ ಹತ್ತಿ ಐದಾರು ದಿನದಲ್ಲಿ ದನ ನೆಲಕ್ಕೆ ಬೀಳುತ್ತಿತ್ತು. ಒಂದು ಕೊಟ್ಟಿಗೆಗೆ ಬಂದರೆ ಊರಿಗೆಲ್ಲ. ಸೂಜಿ ಹಾಕಲು ಕೈ ಸಾಲದೆ ನಮ್ಮ ಶಾಲೆಯವರನ್ನು ಕೇಳಿದರು. ಹುಡುಗರನ್ನು ಮೂರು ಮೂರು ಜನರ ಗುಂಪು ಮಾಡಿ ಕಳಿಸಿದರು. ನಾವು ಮೂವರೂ ಒಟ್ಟಿಗೆ ಹೆಸರು ಕೊಟ್ಟೆವು.

ತಳಿಯಿಂದ ನಾಲ್ಕು ಮೈಲಿ ಮೇಲಿನ ಸಣ್ಣ ಊರು. ಅಂಥ ಚಳಿಯನ್ನು ನಾನು ಕಂಡಿರಲಿಲ್ಲ. ಹತ್ತು ಗಂಟೆಯವರೆಗೂ ಮಂಜು ಕರಗುತ್ತಿರಲಿಲ್ಲ. ರಾಗಿ ಬಣವೆಗಳು ಮಂಜಿನೊಳಗೆ ಕೂತ ಆನೆಗಳ ಹಾಗೆ ಕಾಣುತ್ತಿದ್ದವು. ಊರ ಹೊರಗಿನ ಒಂದು ಹಾಳು ಕೊಟ್ಟಿಗೆಯಲ್ಲಿ ನಮ್ಮ ಬಿಡಾರ. ಸರ್ಕಾರದ ದನದ ಡಾಕ್ಟರು ಡೆಂಕಣಿಕೋಟೆಯ ಬಂಗಲೆಯಲ್ಲಿದ್ದು ದಿನ ಬಿಟ್ಟು ದಿನ ಬರುತ್ತಿದ್ದರು. ಅಡುಗೆಯವನನ್ನು ಕಳಿಸುತ್ತೇವೆ ಎಂದಿದ್ದರು. ಕೊನೆಯವರೆಗೂ ಯಾರೂ ಬರಲಿಲ್ಲ. ಒಂದು ಮೂಟೆ ರಾಗಿ ಹಿಟ್ಟು, ಸ್ವಲ್ಪ ಅಕ್ಕಿ, ಹುರುಳಿ, ಉಪ್ಪು, ಮೆಣಸಿನಕಾಯಿ ಬಂತು.

ಮೊದಲ ದಿನ ನನ್ನ ಪಾಲಿನ ಅಕ್ಕಿಯನ್ನು ನಾನೇ ಬೇಯಿಸುತ್ತೇನೆಂದು ಬೇರೆ ಒಲೆ ಹೂಡಿದೆ. ಕೆಳಗೆ ಸೀದು ಮೇಲೆ ಹಸಿಯಾಯಿತು. ಎರಡನೆಯ ದಿನ ಹುರಿಹಿಟ್ಟು ತಿಂದು ನೀರು ಕುಡಿದೆ. ಮೂರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಜಿನುಗು ಮಳೆ. ಮನೆಮನೆ ತಿರುಗಿ ದನ ಹಿಡಿದು, ಒದೆಸಿಕೊಂಡು, ಕೆಸರಲ್ಲಿ ಬಿದ್ದು, ಬಿಡಾರಕ್ಕೆ ಬಂದಾಗ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಮುನಿವೆಂಕಟ ಅಷ್ಟರಲ್ಲಿ ಹುರುಳಿ ಬೇಯಿಸಿ, ಸಾರು ಕುದಿಸಿ, ಮುದ್ದೆ ತೊಳಸುತ್ತಿದ್ದ. ಇಬ್ಬರಿಗೆ ಇಟ್ಟ. ಮೂರನೆಯ ಮುದ್ದೆಯನ್ನು ಪಾತ್ರೆಯಲ್ಲೇ ಬಿಟ್ಟು, ನನ್ನ ಕಡೆ ನೋಡದೆ ಹೇಳಿದ:

“ನಾನೇನೂ ಬಲವಂತ ಮಾಡಾಕಿಲ್ಲ ಕಣ್ಲಾ. ಬಿಸಿಯಾಗೈತೆ, ಅಷ್ಟೇಯ.”

ನಾನು ತಟ್ಟೆ ತೆಗೆದುಕೊಂಡು ಹೋಗಿ ಅವನ ಮುಂದೆ ಹಿಡಿದು, “ನನಗೂ ಹಾಕು” ಎಂದೆ. ಹಸಿದಿದ್ದೆ, ನಿಜ. ಹಸಿವೆಯೊಂದೇ ಕಾರಣವಾಗಿದ್ದರೆ ಎರಡನೆಯ ದಿನವೇ ತಿಂದಿರುತ್ತಿದ್ದೆ. ಆ ಕೊಟ್ಟಿಗೆಯಲ್ಲಿ ಅವರಿಬ್ಬರ ನಡುವೆ ಒಂದು ಒಲೆ ಉರಿಯುತ್ತಿದ್ದಾಗ ನಾನು ಆಚೆ ಮೂಲೆಯಲ್ಲಿ ಒಬ್ಬನೇ ನಡುಗುತ್ತಿರುವುದು ನನಗೇ ನಾಚಿಕೆಯೆನಿಸಿತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

“ಎಂಗೈತೆ?” ಎಂದ ಮುನಿವೆಂಕಟ.

“ಉಪ್ಪು ಕಮ್ಮಿ.”

“ನೋಡ್ಲಾ ತಿಲ್ಲೈ! ಮೂರು ದಿನ ಉಪಾಸ ಇದ್ದು ಈಗ ಉಪ್ಪು ಕಮ್ಮಿ ಅಂತಾನೆ ಬಡ್ಡಿಮಗ!”

ತಿಲ್ಲೈ ಅಷ್ಟು ಹೊತ್ತಿಗೆ ಅಲ್ಲಿಯ ಕನ್ನಡ ಕಲಿಯುತ್ತಿದ್ದ. “ಓಂ, ಬಡ್ಡಿಮಗ ಕಣ್ಲಾ,” ಎಂದು ತನ್ನ ಯಾಳ್ಪಾಣದ ರಾಗದಲ್ಲಿ ಹೇಳಿದಾಗ ಮೂವರೂ ಉಸಿರು ಕಟ್ಟುವ ಹಾಗೆ ನಕ್ಕೆವು.

ಹದಿನಾಲ್ಕು ದಿನ ಅಲ್ಲಿದ್ದೆವು. ಸಂಜೆ ಕೈಕಾಲಿಗೆ ಫಿನಾಯಿಲ್ ನೀರು ಹಾಕಿಕೊಂಡು, ಬಟ್ಟೆ ಒಲೆಯ ಮುಂದೆ ಹರವಿ ಕೂತರೆ ತಿಲ್ಲೈನ ಮೌತ್ ಆರ್ಗನ್ ಶುರುವಾಗುತ್ತಿತ್ತು. ಮುನಿವೆಂಕಟ ಎರಡು ಕೋಲುಗಳಿಂದ ಸೀಮೆಎಣ್ಣೆ ಡಬ್ಬವನ್ನು ತಮಟೆಯ ಹಾಗೆ ನುಡಿಸುತ್ತಿದ್ದ. ತಿಲ್ಲೈ ತನ್ನೂರಿನ ದೋಣಿಯವರ ಪದಗಳನ್ನು ನುಡಿಸಿದರೆ, ಮುನಿವೆಂಕಟ ಅದಕ್ಕೆ ದನದ ಹೆಸರುಗಳನ್ನು ಸೇರಿಸಿ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದ. ಊರಿನ ಕೆಲವರು ಬಂದು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು. ಅವರ ಮನೆಗಳಲ್ಲಿ ದನ ಸಾಯುತ್ತಿದ್ದವು. ಈ ಹೊತ್ತಿನಲ್ಲಿ ಹಾಡಬಹುದೇ ಎಂದು ನಾನು ಒಬ್ಬನನ್ನು ಕೇಳಿದೆ. “ಆಡಿ ಸಾಮಿ. ಮನೇಲಿ ಕುಂತ್ರೆ ಅವು ನರಳೋದೊಂದೇ ಕೇಳ್ತದೆ,” ಎಂದ.

ಚೌಡಮ್ಮ ಎಂಬ ಹೆಂಗಸು ಮಾತ್ರ ನಮ್ಮನ್ನು ಕೊಟ್ಟಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಗಂಡನಿಲ್ಲದೆ ಸ್ವಂತ ಉಳುಮೆ ಮಾಡುತ್ತಿದ್ದವಳು. ಒಂದು ಜೊತೆ ಎತ್ತು, ಕರೆಯುವ ಒಂದು ಹಸು.

“ಸೂಜಿ ಆಕ್ದೋರ ಮನೇಲೂ ಸತ್ತೋಗ್ಲಿಲ್ವಾ? ನೀವು ಓಗ್ರಪ್ಪ,” ಎಂದು ಬಾಗಿಲಲ್ಲೇ ನಿಂತಳು.

ಮುನಿವೆಂಕಟ ಅಂಗಳದ ಆಚೆಯೇ ನಿಂತು ಹೇಳಿದ: “ಸತ್ತಿದ್ದು ನಿಜ ಕಣಮ್ಮ. ರೋಗ ಅತ್ತಿದ್ಮೇಲೆ ಆಕುದ್ರೆ ಎಲ್ಲಾ ಉಳಿಯಾಕಿಲ್ಲ. ನಿನ್ನ ಎಡಗಡೆ ಎತ್ತು ಮೂಗು ನೋಡು, ಒಣಗೈತೆ. ಅದು ಓಗ್ತದೆ, ನಾನು ಸುಳ್ಳು ಏಳಾಕಿಲ್ಲ. ಇನ್ನೆರಡು ಉಳೀತವೆ, ಈವತ್ತು ಆಕುಸ್ಕೊಂಡ್ರೆ.”

ಅವಳು ಹೊಸ್ತಿಲಿಂದ ಅಂಗಳಕ್ಕೆ ಇಳಿದಳು. “ನೀನು ಯಾರ ಮಗ?”

ಅವನು ಹಟ್ಟಿಯ ಹೆಸರು, ತಂದೆಯ ಹೆಸರು ಎರಡನ್ನೂ ಹೇಳಿದ. ಅವಳು ಏನೋ ಅಳೆದು ನೋಡಿದವಳಂತೆ, “ಬಾ ಒಳಕ್ಕೆ. ನೀನೇ ಆಕು,” ಎಂದಳು.

ಎಡಗಡೆಯ ಎತ್ತು ನಾಲ್ಕನೆಯ ದಿನ ಸತ್ತಿತು. ಉಳಿದ ಎರಡಕ್ಕೆ ಏನೂ ಆಗಲಿಲ್ಲ.

ಸತ್ತ ದನವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಹೂಳುವ ಮುಂಚೆ ಚರ್ಮವನ್ನು ಅಲ್ಲಲ್ಲಿ ಸೀಳಿ ಯಾರಿಗೂ ಬಾರದ ಹಾಗೆ ಕೆಡಿಸಬೇಕು. ಇದು ಡಾಕ್ಟರ ಅಪ್ಪಣೆ. ಚರ್ಮ ಹೋದಲ್ಲೆಲ್ಲ ರೋಗ ಹೋಗುತ್ತದೆ. ಆ ಎತ್ತನ್ನು ಗುಂಡಿಗೆ ಎಳೆಯುವ ಹೊತ್ತಿಗೆ ಪಕ್ಕದ ಹಟ್ಟಿಯಿಂದ ನಾಲ್ಕು ಜನ ಬಂದು ನಿಂತರು. ಅವರಲ್ಲಿ ಹಿರಿಯನು ಮುನಿವೆಂಕಟನ ತಾಯಿಯ ಅಣ್ಣ. ಸತ್ತ ದನದ ಚರ್ಮ ವಂಶಪಾರಂಪರ್ಯವಾಗಿ ಅವರದು. ಅದರಿಂದಲೇ ಅವರ ಬದುಕು.

“ಚರ್ಮ ಬುಡುಲಾ ವೆಂಕಟ,” ಎಂದ ಆ ಮುದುಕ.

“ಆಗಾಕಿಲ್ಲ ಮಾವ. ಇದ್ರಾಗೆ ರೋಗ ಐತೆ. ನೀನು ಒತ್ಕೊಂಡೋದ್ರೆ ದಾರೀಲಿರೋ ಊರೆಲ್ಲಾ ಅತ್ಕೊಂತದೆ.”

“ನಮ್ಮಪ್ಪ, ನಮ್ಮ ತಾತ ಸುಲೀಲಿಲ್ವಾ? ಓದ್ಬಂದು ನಮ್ಮ ಒಟ್ಟೆ ಮ್ಯಾಲೇ ಕುಂತ್ಕೊಂಡ್ಯಾ?”

ಡಾಕ್ಟರು ನನ್ನ ಕೈಗೆ ಕತ್ತಿ ಕೊಟ್ಟರು. ಮುನಿವೆಂಕಟ ಅದನ್ನು ನನ್ನಿಂದ ತೆಗೆದುಕೊಂಡ. “ಇದು ನನ್ನ ಕೆಲಸ,” ಎಂದ. ಗುಂಡಿಗೆ ಇಳಿದು, ಮಾವನ ಕಣ್ಣೆದುರಿಗೇ ಬೆನ್ನು, ಪಕ್ಕೆ, ತೊಡೆ ಒಂದೊಂದನ್ನೂ ಸೀಳಿದ. ಮುದುಕ ಒಮ್ಮೆ ಉಗುಳಿ, ತಿರುಗಿ ನಡೆದ.

ಸಂಜೆ ಅವನು ಒಲೆ ಹಚ್ಚಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿಲ್ಲೈ ಮೌತ್ ಆರ್ಗನ್ ತುಟಿಗೆ ಇಟ್ಟು, ನಾಲ್ಕು ಸ್ವರ ಊದಿ, ಕೆಳಗಿಟ್ಟ. ನನಗೆ ಕೂರಲಾಗಲಿಲ್ಲ. ಎದ್ದು ನೀರಿಟ್ಟೆ, ಹಿಟ್ಟು ಸುರಿದೆ, ಅವನು ಮಾಡಿದ್ದನ್ನು ನೋಡಿದ್ದೆನಲ್ಲ, ಹಾಗೆಯೇ ಕೋಲಿನಿಂದ ತೊಳಸಿದೆ. ಗಂಟುಗಂಟಾಯಿತು. ಅದನ್ನೇ ಉಂಡೆ ಕಟ್ಟಿ, ಹಿಂದಿನ ದಿನದ ಸಾರು ಬಿಸಿಮಾಡಿ, ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟು, “ಏಳೋ, ಊಟ ಮಾಡು,” ಎಂದೆ. ಅವನು ಎದ್ದು ಕೂತು ಮುದ್ದೆ ಮುರಿದ. ಒಳಗಿಂದ ಒಣ ಹಿಟ್ಟು ಪುಡಿಪುಡಿಯಾಗಿ ಉದುರಿತು. ಅದನ್ನು ನೋಡುತ್ತ ನೋಡುತ್ತ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ನಗುತ್ತಿದ್ದ. ಎರಡೂ ಇದ್ದವೇನೋ. ಪೂರಾ ತಿಂದ.

ಸುಣ್ಣ ತಂದ ಗಾಡಿಯವನು ಅವತ್ತು ಬಾಗಿಲಲ್ಲಿ ನಿಂತು ನಾವು ಒಟ್ಟಿಗೆ ಕೂತು ತಿನ್ನುವುದನ್ನು ನೋಡಿ ಹೋದ. ನಾವು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ರೋಗ ನಿಂತು ನಾವು ಶಾಲೆಗೆ ಮರಳಿದ ದಿನ ಊಟದ ಗಂಟೆ ಬಾರಿಸಿತು. ಮೂವರೂ ಮಾತಾಡುತ್ತ ಊಟದ ಮನೆಯ ಬಾಗಿಲವರೆಗೆ ಬಂದೆವು. ಮುನಿವೆಂಕಟ ಎಂದಿನಂತೆ ತನ್ನ ತಟ್ಟೆ ಹಿಡಿದು ಹಿಂದಿನ ಪಡಸಾಲೆಗೆ ತಿರುಗಿದ. ತಿಲ್ಲೈ ಬಾಗಿಲಲ್ಲಿ ಒಂದು ಕ್ಷಣ ನಿಂತು, ಬಡಿಸುವವನ ಕೈಯಿಂದ ಒಂದು ಎಲೆ ಕಿತ್ತುಕೊಂಡು ಅವನ ಹಿಂದೆ ಹೋದ. ನಾನೂ ಒಂದು ಹೆಜ್ಜೆ ಇಟ್ಟೆ. ಒಳಗಿನ ಪಂಕ್ತಿಯಲ್ಲಿ ದೊಡ್ಡಪ್ಪನ ಸ್ನೇಹಿತರ ಮಗನೊಬ್ಬ ಕೂತಿದ್ದ. “ರುದ್ರಯ್ಯ, ನಿನ್ನ ಎಲೆ ಇಲ್ಲಿದೆ,” ಎಂದು ಕರೆದ. ಊರಿನಲ್ಲಿ ತಂಗಿ ಶಾರದೆಯ ಮದುವೆಯ ಮಾತು ನಡೆಯುತ್ತಿತ್ತು. ದೊಡ್ಡಪ್ಪನ ಮುಖ, ಅಮ್ಮನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನಾನು ಹೋಗಿ ಆ ಎಲೆಯ ಮುಂದೆ ಕೂತೆ.

ಪಡಸಾಲೆ ಮತ್ತು ಊಟದ ಮನೆಯ ನಡುವೆ ಒಂದು ಸಣ್ಣ ಕಿಟಕಿ. ಅದರಲ್ಲಿ ಮುನಿವೆಂಕಟನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ, “ಆ ಚೊಂಬು ಈಕಡೆ ಕೊಡಿ ಸಾಮಿ,” ಎಂದ. ಹೊಡೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹಾಡು ನಿಂತಿತು. ಭಾನುವಾರ ಮೇವಿನ ಗುಂಡಿಯ ಹಿಂದೆ ಹೋದೆ; ಇಬ್ಬರೂ ಬರಲಿಲ್ಲ. ಮತ್ತೆ ಬೇಲಿ ಸುತ್ತತೊಡಗಿದೆ. ಒಂದು ಸಂಜೆ ತಿಲ್ಲೈ ಎದುರಾದ. “ನಿನಗೆ ಕಾರಣಗಳಿವೆ ಎಂದು ಗೊತ್ತು. ಅವನಿಗೆ ಹೇಳಿದೆ. ಕಾರಣ ಇಲ್ಲದವರು ಯಾರು ಎಂದು ಕೇಳಿದ,” ಎಂದು ಹೇಳಿ ಹೋದ.

ಹತ್ತು ದಿನದ ಮೇಲೆ ವಾರ್ಡನ್ ಕರೆಸಿದರು. ಗಾಡಿಯವನ ಮಾತು ಅವರ ಕಿವಿಗೆ ಬಿದ್ದಿತ್ತು. ಅವರ ಕೋಣೆಯಲ್ಲಿ ಮುನಿವೆಂಕಟ ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ತಿಲ್ಲೈ. ಮೇಜಿನ ಮೇಲೆ ಬರೆದಿಟ್ಟ ಕಾಗದ.

ವಾರ್ಡನ್ ನನ್ನ ಮೇಲೆ ಕರುಣೆಯಿಂದಲೇ ಮಾತಾಡಿದರು. “ಕ್ಯಾಂಪಿನಲ್ಲಿ ಈತ ಅಡುಗೆ ಮಾಡಿದ್ದು ತಾನೆಂಬುದನ್ನು ಮುಚ್ಚಿಟ್ಟು, ನಿಮಗೆ ಗೊತ್ತಾಗದ ಹಾಗೆ ತನ್ನ ಕೈಯಡುಗೆ ತಿನ್ನಿಸಿದ್ದಾನೆ ಎಂದು ದೂರು ಬಂದಿದೆ. ಸಿಲೋನಿನ ಹುಡುಗ ಏನೇನೋ ಹೇಳುತ್ತಾನೆ, ಅವನಿಗೆ ಇಲ್ಲಿಯ ರೀತಿ ಗೊತ್ತಿಲ್ಲ. ನೀನು ಒಳ್ಳೆಯ ಮನೆತನದವನು. ನಿನಗೆ ಗೊತ್ತಿರಲಿಲ್ಲ ಎಂದು ಒಂದು ಸಾಲು ಬರೆದುಕೊಡು. ನಿನ್ನ ಹೆಸರಿಗೆ ಏನೂ ಬರುವುದಿಲ್ಲ.”

ಬರೆದುಕೊಟ್ಟರೆ ಮುನಿವೆಂಕಟ ಶಾಲೆಯಿಂದ ಹೊರಗೆ. ಅವನ ಹಟ್ಟಿಯ ಮೊದಲ ಓದು ಅಲ್ಲಿಗೆ ಮುಗಿಯುತ್ತಿತ್ತು. ಮಾವನ ಕಣ್ಣೆದುರು ಚರ್ಮ ಸೀಳಿದವನು ಮತ್ತೆ ಅದೇ ಮಾವನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಬರೆಯದಿದ್ದರೆ ದೊಡ್ಡಪ್ಪನಿಗೆ ಕಾಗದ ಹೋಗುತ್ತದೆ. ಲಾಠಿ ಕಂಡು ಓಡಿದ ದಿನ ಕಾಲುಗಳು ಹೇಗೆ ತಾವಾಗಿ ಎದ್ದಿದ್ದವೋ ಹಾಗೇ ಈಗಲೂ ಎದ್ದವು. ಆದರೆ ಓಡುವುದಕ್ಕೆ ಆ ಕೋಣೆಯಲ್ಲಿ ಜಾಗವಿರಲಿಲ್ಲ.

“ಗೊತ್ತಿತ್ತು ಸರ್,” ಎಂದೆ. “ಮೊದಲ ದಿನದಿಂದ ಗೊತ್ತಿತ್ತು. ಅವನು ನನಗೆ ಬಡಿಸಲಿಲ್ಲ. ನಾನೇ ತಟ್ಟೆ ಹಿಡಿದು ಹಾಕು ಎಂದೆ. ಒಂದು ದಿನ ನಾನು ಮಾಡಿ ಅವನಿಗೆ ಬಡಿಸಿದ್ದೇನೆ. ಹಾಗೆ ಬರೆದುಕೊಡುತ್ತೇನೆ.”

ವಾರ್ಡನ್ ಪೆನ್ನಿನ ಮುಚ್ಚಳ ಹಾಕಿದರು. “ನಿನ್ನ ಮನೆಯವರಿಗೆ ತಿಳಿಸಬೇಕಾಗುತ್ತದೆ.”

“ತಿಳಿಸಿ.”

ಅವತ್ತು ಮಧ್ಯಾಹ್ನ ನಾನು ತಟ್ಟೆ ಹಿಡಿದು ಪಡಸಾಲೆಗೆ ಹೋದೆ. ಮುನಿವೆಂಕಟ ತಲೆ ಎತ್ತಲಿಲ್ಲ. ಎರಡು ತುತ್ತು ತಿಂದು, “ಅಲ್ಲಿ ಬಿಸ್ಲು ಬೀಳ್ತದೆ. ಇತ್ಲಾಗೆ ಸರ್ಕೋಲಾ,” ಎಂದ. ಪರೀಕ್ಷೆ ಮುಗಿಯುವವರೆಗೆ ನಾವು ಮೂವರೂ ಅಲ್ಲೇ ಉಂಡೆವು.

ದೊಡ್ಡಪ್ಪನ ಕಾಗದ ಬಂತು, ನಾಲ್ಕೇ ಸಾಲು. ಶಾರದೆಯ ಗಂಡಿನ ಕಡೆಯವರು ಸಂಬಂಧ ಬೇಡವೆಂದಿದ್ದಾರೆ. ನಾನು ಊರಿಗೆ ಬಂದು ಮಠದಲ್ಲಿ ತಪ್ಪೊಪ್ಪಿಕೊಳ್ಳದೆ ಮನೆ ಹೊಸ್ತಿಲು ತುಳಿಯಕೂಡದು. ಕೆಳಗೆ ಶಾರದೆಯ ಅಕ್ಷರದಲ್ಲಿ, ದೊಡ್ಡಪ್ಪನಿಗೆ ಕಾಣದಂತೆ ಸೇರಿಸಿದ್ದು: ‘ಅಣ್ಣ, ಆ ಗಂಡು ನನಗೂ ಇಷ್ಟವಿರಲಿಲ್ಲ.’ ನಿಜವೋ ನನ್ನ ಸಮಾಧಾನಕ್ಕೆ ಬರೆದದ್ದೋ ನಾನು ಎಂದೂ ಕೇಳಲಿಲ್ಲ. ಅವಳ ಮದುವೆ ಆಗುವುದಕ್ಕೆ ಮತ್ತೆ ಐದು ವರ್ಷ ಹಿಡಿಯಿತು. ತಪ್ಪೊಪ್ಪಿಗೆಗೆ ನಾನು ಹೋಗಲಿಲ್ಲ. ಅಮ್ಮ ಸತ್ತಾಗಲೇ ಆ ಹೊಸ್ತಿಲು ಮತ್ತೆ ತುಳಿದದ್ದು.

ಪರೀಕ್ಷೆ ಮುಗಿದ ಮರುದಿನ ಹೊಸೂರಿನ ಬಸ್ಸು ನಿಲ್ಲುವಲ್ಲಿಗೆ ಮೂವರೂ ನಡೆದು ಬಂದೆವು. ಅಲ್ಲಿದ್ದ ಕಾಫಿ ಕ್ಲಬ್ಬಿನೊಳಗೆ ಮುನಿವೆಂಕಟನನ್ನು ಬಿಡುತ್ತಿರಲಿಲ್ಲ. ತಿಲ್ಲೈ ಎಲೆಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಬಂದ. ಹುಣಿಸೆ ಮರದ ಕೆಳಗೆ ನಿಂತು ತಿಂದೆವು. ಸೇಲಂ ಬಸ್ಸು ಬಂದಾಗ ಅವನು ಮೌತ್ ಆರ್ಗನ್ ತೆಗೆದು ಮುನಿವೆಂಕಟನ ಜೇಬಿಗೆ ತುರುಕಿದ. “ನಾನು ಬತ್ತೀನಿ ಕಣ್ಲಾ,” ಎಂದು ಹತ್ತಿದ. ಯುದ್ಧ ಮುಗಿದ ಮೇಲೆ ಅವನಿಂದ ಎರಡು ಕಾಗದ ಬಂದವು. ಹನ್ನೊಂದು ಹಸು ಕಟ್ಟಿದ್ದೇನೆ, ಈಗಲೂ ಹೆದರಿಕೆ ಎಂದು ಬರೆದಿದ್ದ.

ಬಸ್ಸಿನ ಧೂಳು ಅಡಗಿತು. ಕೆಲಮಂಗಲಕ್ಕೆ ಬಸ್ಸು ಸಂಜೆಗೆ. ಮುನಿವೆಂಕಟ ನಡೆದೇ ಹೋಗುತ್ತೇನೆಂದ. ಅವನಿಗೆ ಧರ್ಮಪುರಿ ಕಡೆ ಕೆಲಸ ಗೊತ್ತಾಗಿತ್ತು. ನಾನು ಎಲ್ಲಿಗೆ ಹೋಗುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅತ್ತಿಬೆಲೆಯ ಕಡೆ, ಎಂದರೆ ನಮ್ಮೂರಿನ ಕಡೆ ಒಂದು ಬಸ್ಸು, ಕೃಷ್ಣಗಿರಿಯ ಕಡೆ ಒಂದು ಬಸ್ಸು, ಎರಡೂ ಹೊಗೆ ಬಿಡುತ್ತ ನಿಂತಿದ್ದವು.

ಕ್ಷಮಿಸು ಎಂದು ಹೇಳಬೇಕೆಂದು ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. “ವೆಂಕಟ, ಅವತ್ತು ಊಟದ ಮನೆಯಲ್ಲಿ…” ಎಂದು ಶುರುಮಾಡಿದೆ.

ಅವನು ಕೈಯೆತ್ತಿ ತಡೆದ.

“ಅವತ್ತು ನೀನು ಆ ಎಲೆ ಮುಂದೆ ಕುಂತಿದ್ದು ನಾನು ಮರ್ತಿಲ್ಲ ಕಣ್ಲಾ. ವಾರ್ಡನ್ ಮುಂದೆ ಏಳಿದ್ದೂ ಮರ್ತಿಲ್ಲ. ಎರಡೂ ಐತೆ. ಒಂದನ್ನ ಇಟ್ಕೊಂಡು ಒಂದನ್ನ ಬಿಸಾಕು ಅಂದ್ರೆ ನನ್ ಕೈಲಿ ಆಗಾಕಿಲ್ಲ. ನೀನೂ ಎರಡೂ ಇಟ್ಕೋ.”

ಆಮೇಲೆ ತನ್ನ ಟ್ರಂಕು ತೋರಿಸಿ, “ಒಂದ್ ಕೈ ಇಡ್ಕೋಲಾ,” ಎಂದ. ನಾನು ಒಂದು ಕಡೆ ಹಿಡಿದು ಎತ್ತಿ ಅವನ ತಲೆಯ ಮೇಲಿಟ್ಟೆ. ಅವನು ಸಿಂಬಿ ಸರಿಮಾಡಿಕೊಂಡು ಕೆಲಮಂಗಲದ ರಸ್ತೆ ಹಿಡಿದ. ನೂರು ಗಜ ಹೋದ ಮೇಲೆ, ತಲೆಯ ಮೇಲಿನ ಟ್ರಂಕನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಜೇಬು ತಡಕಿ ಮೌತ್ ಆರ್ಗನ್ ತೆಗೆದ. ಊದುವುದು ಅವನಿಗೆ ಬರುತ್ತಿರಲಿಲ್ಲ. ಒಂದೇ ಸ್ವರವನ್ನು ಎಳೆದೆಳೆದು ಊದುತ್ತ ಹೋದ. ತಿರುವಿನಲ್ಲಿ ಕಾಣದಾದ ಮೇಲೂ ಅದು ಸ್ವಲ್ಪ ಹೊತ್ತು ಕೇಳಿಸಿತು.

ನಾನು ಕೃಷ್ಣಗಿರಿಯ ಬಸ್ಸು ಹತ್ತಿದೆ.